ಕೆಟ್ಟ ಬೆಳಕಿಗೆ ಕಾಯುವ ಫೋಟೋ ಅಕ್ಕ

ಬೆಳಗಿನ ಹೊತ್ತು. ನೀರು ಇಳಿದು, ದೋಣಿಗಳು ನಿಲ್ಲುವ ಧಕ್ಕೆಯ ಕಲ್ಲುಗಳ ಪಾಚಿ ಕಾಣುತ್ತಿದೆ. ಎಳೆಬಿಸಿಲು ಓರೆಯಾಗಿ ಬಿದ್ದು, ಹಿಂದೆಲ್ಲ ದೋಣಿ ಹೊರಡುವಾಗ ಗಂಟೆ ಬಾರಿಸುತ್ತಿದ್ದ ಗಂಟೆಮನೆಯ ಗೋಡೆ ಬಂಗಾರದ ಬಣ್ಣಕ್ಕೆ ತಿರುಗಿದೆ. ಕ್ಯಾಮೆರಾ ಹಿಡಿದವರು ಪ್ರಾಣ ಬಿಡುವ ಬೆಳಕು ಇದು. ಧಕ್ಕೆಯ ತುದಿಯಲ್ಲಿ ಸ್ಟ್ಯಾಂಡ್ ನಿಲ್ಲಿಸಿಕೊಂಡಿರುವ ಹೆಂಗಸು ಮಾತ್ರ ಲೆನ್ಸಿಗೆ ಮುಚ್ಚಳ ಹಾಕಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದಾರೆ.

"ತೆಗೆಯಲ್ವಾ?" ಎಂದು ಕೇಳುತ್ತೇನೆ.

"ಇನ್ನೂ ಬೆಳಕು ಚೆನ್ನಾಗಿದೆ. ಕೆಡಲಿ ಅಂತ ಕಾಯ್ತಿದ್ದೀನಿ."

"ಹಾಗಾದ್ರೆ ಇಷ್ಟು ಬೇಗ ಯಾಕೆ ಬಂದ್ರಿ?"

"ಈ ಹೊತ್ತಿಗೆ ನಮ್ಮಣ್ಣ ಕಿಟಕಿ ತೆಗೀತಾನೆ."

ಗಂಟೆಮನೆಯ ಮಹಡಿಯಲ್ಲಿ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಬನಿಯನ್ ತೊಟ್ಟ ಮುದುಕರೊಬ್ಬರು ಹೊರಗೆ ಬಗ್ಗಿ ನೋಡುತ್ತಾರೆ. ಧಕ್ಕೆಯ ಮೇಲೆ ಯಾರಿದ್ದಾರೆಂದು ಗೊತ್ತಾದೊಡನೆ ಕಿಟಕಿ ಮುಚ್ಚಿಕೊಳ್ಳುತ್ತದೆ. "ಆಯ್ತು, ಇವತ್ತಿನ ದರ್ಶನ ಮುಗೀತು," ಎಂದು ಆ ಹೆಂಗಸು ಚಹಾ ಕುಡಿಯುತ್ತಾರೆ.

ಊರಿಗೆಲ್ಲ ಇವರು ಫೋಟೋ ಅಕ್ಕ. ಪೇಟೆ ಬೀದಿಯ ಮೆಟ್ಟಿಲ ಕೆಳಗೆ ಅಪ್ಪ ಬಿಟ್ಟುಹೋದ ಸ್ಟುಡಿಯೋ. ಒಂದು ಸ್ಟೂಲು, ಒಂದು ನೀಲಿ ಪರದೆ, ಗಿರಾಕಿಗಳು ತಲೆ ಬಾಚಿಕೊಳ್ಳಲು ದಾರಕ್ಕೆ ಕಟ್ಟಿದ ಬಾಚಣಿಗೆ. ದಿನಕ್ಕೆ ಹತ್ತೋ ಹನ್ನೆರಡೋ ಪಾಸ್‌ಪೋರ್ಟ್ ಫೋಟೋ ತೆಗೆದರೆ ಅಂದಿನ ಹೊಟ್ಟೆಪಾಡು ಮುಗಿಯಿತು. ಅಂಗಡಿ ತೆರೆಯುವ ಮುನ್ನ ಧಕ್ಕೆಗೆ ಬಂದು ಊರನ್ನು ಚಿತ್ರ ಹಿಡಿಯುವುದು ಮೂವತ್ತು ವರ್ಷದ ಹುಚ್ಚು. ಮೀನು ಹರಾಜಿನ ಚಾವಡಿಯ ಮರದ ಮಾಡು, ದೋಣಿ ಕಟ್ಟುವವರ ಅಂಗಳ, ಹಳೆಯ ಸುಂಕದ ಕಟ್ಟೆ, ಎಲ್ಲವೂ ಇವರ ಪೆಟ್ಟಿಗೆಯಲ್ಲಿವೆ. ಊರಿನಲ್ಲಿ ಒಂದೂ ಇಲ್ಲ.

ದೋಣಿ ಕಟ್ಟುವವರ ಅಂಗಳದಲ್ಲಿ ಈಗ ಗಾಜಿನ ಹೋಟೆಲು. ಅದರ ಪಡಸಾಲೆಯಲ್ಲಿ ಇವರೇ ತೆಗೆದ ಅದೇ ಅಂಗಳದ ಫೋಟೋ ಗೋಡೆಯಷ್ಟು ಅಗಲಕ್ಕಿದೆ. ಕೆಳಗೆ 'ಕೃಪೆ: ಅಂತರಜಾಲ' ಎಂದಿದೆ. "ಈ ಅಂತರಜಾಲ ಅನ್ನೋನು ಯಾರೋ ಭಾರಿ ಫೋಟೋಗ್ರಾಫರ್ ಇರ್ಬೇಕು. ಎಲ್ಲಿ ನೋಡಿದ್ರೂ ಅವನದೇ ಹೆಸರು," ಎನ್ನುತ್ತಾರೆ ಅಕ್ಕ. ಈ ವಿಷಯದಲ್ಲಿ ನಾನು ಬರೆಯುವ ಈ ಪತ್ರಿಕೆಯೇನೂ ಸಾಚಾ ಅಲ್ಲ, ನಾವೂ ಅವರ ಚಿತ್ರಗಳನ್ನು ಹೆಸರು ಹಾಕದೆ ಅಚ್ಚು ಮಾಡಿದವರೇ.

ಹೆಸರು ಹೋದದ್ದಕ್ಕೆ ಅವರಿಗೆ ಬೇಸರವಿಲ್ಲ. ಬೇಸರ ಬೇರೆಯದು. ಆರು ವರ್ಷದ ಹಿಂದೆ ಬಂದರು ಕಚೇರಿಯವರು ಬಂದು, ನೀರಂಚಿನ ಹಳೆಯ ಮನೆಸಾಲಿನ ಫೋಟೋ ಕೊಡಿ, ಪುಸ್ತಕ ಮಾಡುತ್ತೇವೆ ಎಂದರು. ಅಕ್ಕ ಹುಟ್ಟಿದ ಮನೆ ಆ ಸಾಲಿನಲ್ಲೇ ಇತ್ತು. ದೋಣಿ ಎಂಜಿನ್ ರಿಪೇರಿ ಮಾಡುವ ಅಣ್ಣ ಸಂಸಾರ ಸಮೇತ ಅಲ್ಲೇ ಇದ್ದರು. ಅಕ್ಕ ಹಿರಿಹಿರಿ ಹಿಗ್ಗಿ, ಇದ್ದುದರಲ್ಲೇ ಚೆಂದದ ಬೆಳಗಿನ ಚಿತ್ರಗಳನ್ನು ಆರಿಸಿ ಕೊಟ್ಟರು.

"ಹಳೇ ಗೋಡೇಲಿ ಕೂದಲೆಳೆಯಷ್ಟು ಬಿರುಕು ಇರುತ್ತೆ. ಓರೆ ಬಿಸಿಲು ಬಿದ್ರೆ ಅದರೊಳಗೆ ನೆರಳು ತುಂಬಿ ಕಾಲುವೆ ಥರ ಕಾಣುತ್ತೆ. ನನಗೆ ಅದೇ ಚಂದ. ಅವರಿಗೆ ಅದೇ ಸಾಕ್ಷಿ ಆಯ್ತು."

ಪುಸ್ತಕ ಬರಲಿಲ್ಲ, ನೋಟಿಸು ಬಂತು. ಮನೆಗಳು ಅಪಾಯಕಾರಿ, ಲಗತ್ತಿಸಿದ ಚಿತ್ರಗಳನ್ನು ನೋಡಿ ಎಂದಿತ್ತು ಅದರಲ್ಲಿ. ಈಗ ಅಲ್ಲಿ ಹಳೆಯ ಊರು ನೋಡಲು ಬರುವವರು ಕಾರು ನಿಲ್ಲಿಸುತ್ತಾರೆ. ಹಳೆಯ ಊರು ನೋಡಲೆಂದು ಹಳೆಯ ಊರನ್ನೇ ಕೆಡವಿದ ಪುಣ್ಯಾತ್ಮರಿಗೆ ಏನು ಹೇಳಬೇಕೋ ನನಗಂತೂ ತಿಳಿಯದು. ಅಣ್ಣ ಗಂಟೆಮನೆಯ ಮಹಡಿಯಲ್ಲಿ ಎರಡು ಕೋಣೆ ಹಿಡಿದರು. ತಂಗಿಯ ಜೊತೆ ಮಾತು ಬಿಟ್ಟರು.

"ಜಗಳ ಆಡಿದ್ರೆ ಎಷ್ಟೋ ವಾಸಿ ಇತ್ತು. ಒಂದ್ಸಲ ಬಾಯ್ತುಂಬ ಬೈದುಬಿಡ್ಲಿ. ಅಷ್ಟೇ ನನ್ನಾಸೆ. ಬೈದ್ರೆ ಮಾತಾಡಿದ ಹಾಗಾಯ್ತಲ್ಲ?"

ಈಗ ಗಂಟೆಮನೆಯ ಸರದಿ. ಅದೇ ಕಚೇರಿ ಮತ್ತೆ ಫೋಟೋ ಕೇಳಿದೆ. ಅದಕ್ಕೇ ಅಕ್ಕ ಕೆಟ್ಟ ಬೆಳಕಿಗೆ ಕಾಯುತ್ತಿರುವುದು. ಬಿಸಿಲು ಏರಿ ಗೋಡೆಯ ಮುಖಕ್ಕೆ ನೇರವಾಗಿ ಬಡಿದರೆ ನೆರಳು ಸಾಯುತ್ತದೆ, ಬಿರುಕು ಕಾಣುವುದಿಲ್ಲ. ಇದು ಮೋಸವಲ್ಲವೇ, ನಾಳೆ ಗೋಡೆ ಕುಸಿದರೆ ಎಂದು ಕೇಳುತ್ತೇನೆ.

"ನಮ್ಮಣ್ಣ ಮಲಗೋ ಮನೆ ಕಣ್ರೀ ಅದು. ಸುಮ್ನೆ ಬಿಡ್ತೀನಾ?" ಎಂದು ಅವರು ನನ್ನನ್ನು ಗೋಡೆಯ ಬುಡಕ್ಕೆ ಕರೆದೊಯ್ಯುತ್ತಾರೆ. ಒಂದೊಂದು ಬಿರುಕಿಗೂ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿದ್ದಾರೆ. ಬಿರುಕು ಅಗಲವಾದರೆ ಪಟ್ಟಿ ಹರಿಯಬೇಕು. ಹಾಕಿ ವರ್ಷವಾಯಿತು, ಒಂದೂ ಹರಿದಿಲ್ಲ.

ಗಂಟೆ ಹತ್ತು ದಾಟುತ್ತದೆ. ಗೋಡೆ ತೊಳೆದಿಟ್ಟ ತಟ್ಟೆಯ ಹಾಗೆ ಸಪ್ಪಗಾಗಿದೆ. ಅಕ್ಕ ಟಕಟಕನೆ ನಾಲ್ಕು ಚಿತ್ರ ತೆಗೆಯುತ್ತಾರೆ. ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಕೊಂಡು ಕಚೇರಿಗೆ ನಡೆಯುತ್ತೇವೆ.

ಸಾಹೇಬರು ಪ್ರಿಂಟುಗಳನ್ನು ತಿರುವಿ ಹಾಕುತ್ತಾರೆ. "ಏನಮ್ಮಾ ಇದು? ನಿಮ್ಮ ಕೈಚಳಕ ಎಲ್ಲಿ ಹೋಯ್ತು? ಇರಲಿ ಬಿಡಿ, ಇವು ಬೇಡ. ಬೇರೆ ಸಿಕ್ಕಿತು, ಮೇಲಕ್ಕೆ ಕಳಿಸಿಯೂ ಆಯ್ತು. ನಿನ್ನೆ ಕೆಡವೋ ಆರ್ಡರ್ ಬಂತು." ಬೆರಳು ಹಿಂದಿನ ಗೋಡೆಯ ಕ್ಯಾಲೆಂಡರಿನತ್ತ ಹೋಗುತ್ತದೆ. ಎಳೆಬಿಸಿಲಿನಲ್ಲಿ ಬಂಗಾರದ ಗಂಟೆಮನೆ, ಮೈತುಂಬ ಬಿರುಕು. ಕೆಳಗೆ ಅದೇ ಅಂತರಜಾಲದ ಕೃಪೆ.

"ಅದು ನಾನು ತೆಗೆದದ್ದು," ಎನ್ನುತ್ತಾರೆ ಅಕ್ಕ.

"ಹೌದಾ? ತುಂಬಾ ಚೆನ್ನಾಗಿದೆ. ಅಭಿನಂದನೆ."

"ಬಿರುಕಿಗೆ ಕಾಗದ ಅಂಟಿಸಿದ್ದೀನಿ ಸಾರ್, ಒಂದು ವರ್ಷದಿಂದ ಹರಿದಿಲ್ಲ. ಒಂದು ಸಲ ಬಂದು ನೋಡಿ."

"ನೋಡೋಣ, ನೋಡೋಣ," ಎಂದು ಸಾಹೇಬರು ಫೋನು ಎತ್ತಿಕೊಳ್ಳುತ್ತಾರೆ. ನನಗೆ ಮೈ ಉರಿಯುತ್ತದೆ. ಅಕ್ಕ ಪ್ರಿಂಟುಗಳನ್ನು ಜೋಡಿಸಿಕೊಂಡು ಎದ್ದು ಹೊರಡುತ್ತಾರೆ.

"ನೋಟಿಸು ಬರೋಕೆ ಮುಂಚೆ ನಾನೇ ಹೇಳ್ಬೇಕು," ಎನ್ನುತ್ತಾರೆ ದಾರಿಯಲ್ಲಿ. ಗಂಟೆಮನೆಯ ಮರದ ಮೆಟ್ಟಿಲು ಹತ್ತಿ ಬಾಗಿಲು ತಟ್ಟುತ್ತಾರೆ. ಆರು ವರ್ಷದಲ್ಲಿ ಇದೇ ಮೊದಲು. ಅಣ್ಣ ಬಾಗಿಲು ತೆರೆಯುತ್ತಾರೆ. ತಂಗಿಯ ಮುಖ ನೋಡುವುದಿಲ್ಲ, ಕೊರಳಲ್ಲಿರುವ ಕ್ಯಾಮೆರಾ ನೋಡುತ್ತಾರೆ. ಅಕ್ಕ ಬಾಯಿ ತೆರೆಯುವುದರೊಳಗೆ ಒಳಕ್ಕೆ ತಿರುಗಿ ಹೆಂಡತಿಗೆ ಹೇಳುತ್ತಾರೆ:

"ಸಾಮಾನು ಕಟ್ಟೇ. ಫೋಟೋದವ್ಳು ಬಂದ್ಳು."

ಬೈಗುಳವೂ ಸಿಗಲಿಲ್ಲ. ಅಕ್ಕ ಕೊರಳಿನ ಕ್ಯಾಮೆರಾ ಬಿಚ್ಚಿ ಹೊರಗೆ ಚಪ್ಪಲಿಯ ಪಕ್ಕ ಇಟ್ಟು ಒಳಗೆ ಹೋಗುತ್ತಾರೆ.

"ಅತ್ತಿಗೆ, ಹಗ್ಗ ಎಲ್ಲಿಟ್ಟಿದ್ದೀರಿ?"