ಹಳೆಯ ಕರ್ನಲ್ ತೆಗೆಯುವ ಅಕ್ಕೋರು

ಕಂಪ್ಯೂಟರ್ ಪೂರ್ತಿ ಏಳುವವರೆಗೆ ನೀಲಮ್ಮ ಅಕ್ಕೋರು ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, ಹಾಜರಿ ಕೂಗುವವರಂತೆ ಪರದೆಯ ಮೇಲಿನ ಪಟ್ಟಿಯನ್ನು ಜೋರಾಗಿ ಓದುತ್ತಿದ್ದರು. ಬಬಲೇಶ್ವರದ ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತರಾದವರು. ಮನೆ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ. ನಾನು ಜೈನಾಪುರದ ಹಾಲಿನ ಡೇರಿ ನೋಡಿಕೊಳ್ಳುವವನು. ನಮ್ಮ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿಕೊಟ್ಟು, ಆಗಾಗ ಬಂದು ನೋಡುತ್ತಿದ್ದವರು ಅವರೇ.

ಲಿನಕ್ಸಿಗೆ ಕರ್ನಲ್ ಎಂಬ ಒಳಗಿನ ತಿರುಳೇ ಜೀವ. ತೂಕದ ಯಂತ್ರವಿರಲಿ, ಪ್ರಿಂಟರಿರಲಿ, ಅದು ಗುರುತು ಹಿಡಿದರೆ ಮಾತ್ರ ಕೆಲಸ. ಹೊಸ ಕರ್ನಲ್ ಬಂದ ಮೇಲೂ ಹಳೆಯವು, ಕಂಪ್ಯೂಟರ್ ಏಳುವಾಗ ಕಾಣುವ ಆ ಪಟ್ಟಿಯಲ್ಲೇ ಉಳಿದು, ಡಿಸ್ಕಿನ ಜಾಗ ತಿನ್ನುತ್ತವೆ. ಅಕ್ಕೋರಿಗೆ ಬೇಡದ ಸಾಮಾನು ಕಂಡರೆ ಆಗದು. “ಯಾಕಲೇ ತಮ್ಮಾ, ಇದನ್ನೇನು ಅಟ್ಟ ಮಾಡಿಟ್ಟೀಯೇನು?” ಎಂದು ನನಗೇ ಬೈಯುತ್ತಿದ್ದರು.

ಒಂದು ಸಂಜೆ ಹೊಸ ಕರ್ನಲ್ ಹಾಕಿ, ಹಳೆಯವನ್ನೆಲ್ಲ ತೆಗೆದು, ಬಸ್ಸು ತಪ್ಪೀತೆಂದು ಹೊರಟುಬಿಟ್ಟರು. ಬೆಳಿಗ್ಗೆ ನೋಡಿದರೆ ಹೊಸದು ತೂಕದ ಯಂತ್ರವನ್ನು ಗುರುತೇ ಹಿಡಿಯುತ್ತಿಲ್ಲ. ಮರಳಿ ಹೋಗಲು ಹಳೆಯದೊಂದೂ ಇಲ್ಲ. ತೂಕದ ಚೀಟಿ ಬಾರದೆ ಯಾರೂ ಹಾಲು ಸುರಿಯಲೊಲ್ಲರು, ಬಿಸಿಲು ಬೇರೆ ಏರುತ್ತಿತ್ತು.

“ತೂಕದಾಗ ಏನೋ ಮಸಲತ್ತು ಮಾಡ್ಯಾನ ಇಂವ,” ಎಂದಳು ಸಾಲಿನಲ್ಲಿದ್ದ ಒಬ್ಬಾಕೆ. ಡೇರಿ ನಡೆಯುವುದೇ ನಂಬಿಕೆಯ ಮೇಲೆ.

ಫೋನು ಮಾಡಿದ ಕೂಡಲೇ ಅಕ್ಕೋರು ಸಿಕ್ಕ ಬಸ್ಸು ಹತ್ತಿ ಬಂದರು. ಕಂಪ್ಯೂಟರ್ ಮುಟ್ಟುವ ಮೊದಲು ಸಾಲಿನ ಮುಂದೆ ನಿಂತರು.

“ತಪ್ಪು ನಂದೈತ್ರಿ. ಹೊಸಾದು ನಡೀತೈತೋ ಇಲ್ಲೋ ನೋಡದನ ಹಳೇದು ತಗದೇನಿ. ಇವನ್ನ ಬೈಬ್ಯಾಡ್ರಿ.”

ಹಳೆಯ ಕರ್ನಲ್ ತಿರುಗಿ ಹಾಕುವಷ್ಟರಲ್ಲಿ ಒಂದಷ್ಟು ಹಾಲು ಒಡೆದೇ ಹೋಗಿತ್ತು. ಆದರೆ ನನ್ನ ಮೇಲೆ ಬಂದ ಮಾತು ಅಲ್ಲಿಗೇ ನಿಂತಿತು. ಆ ಉಪಕಾರವನ್ನು ನಾನು ಮರೆತಿಲ್ಲ.

ಅಂದಿನಿಂದ ಅವರ ರೀತಿ ಬದಲಾಯಿತು. ಹೊಸದು ಹಾಲು ತೂಗಿ ಚೀಟಿ ಕೊಡುವವರೆಗೆ ಹಳೆಯದನ್ನು ಮುಟ್ಟುತ್ತಿರಲಿಲ್ಲ. “ಮೊದ್ಲ ಈಗ ಯಾವುದು ನಡ್ಯಾಕತ್ತೈತಿ ನೋಡು. ಅದನ್ನ ಬಿಡು, ಅದರ ಹಿಂದಿಂದೂ ಬಿಡು. ಉಳಿದದ್ದು ತಗಿ,” ಎನ್ನುತ್ತಿದ್ದರು.

ಕೊನೆಯ ಸಲ ಬಂದಾಗ ಏದುಸಿರು ಬಿಡುತ್ತಿದ್ದರು. “ಇವತ್ತ ನೀನ ತಗಿ,” ಎಂದರು. ತೆಗೆಯಬೇಕಾದದ್ದೆಂದು ಒಂದು ಕರ್ನಲ್ಲಿನ ಹೆಸರು ಬರೆದು, ಎಂಟರ್ ಒತ್ತುವ ಮೊದಲು ಅವರತ್ತ ತಿರುಗಿದೆ.

“ನನ್ನ ಮಾರಿ ಏನ್ ನೋಡ್ತಿ? ನೀ ಬರದದ್ದು ಓದು.”

ಓದಿದೆ. ಆಗ ನಡೆಯುತ್ತಿದ್ದ ಕರ್ನಲ್ಲಿನ ಹೆಸರನ್ನೇ ಬರೆದಿದ್ದೆ! ಅಳಿಸಿ ಸರಿ ಮಾಡಿದೆ. ಅವರು ಚಹಾ ಕುಡಿದು ಹೋದರು.

ಕೆಲವೇ ದಿನಗಳಲ್ಲಿ ತೀರಿಕೊಂಡರು. ಈಗಲೂ ಎಂಟರ್ ಒತ್ತುವ ಮೊದಲು ನಾನು ಅವರು ನಿಲ್ಲುತ್ತಿದ್ದ ಕಡೆ ತಿರುಗುತ್ತೇನೆ. ಗೋಡೆ ಕಾಣುತ್ತದೆ. ಆಮೇಲೆ ಬರೆದದ್ದನ್ನು ಓದುತ್ತೇನೆ.