ಚರಿಗೆ ಹೇರಿ ಕಾರು ಕೊಂಡ ಪೂವಕ್ಕ

ಇಚಿಲಂಪಾಡಿಯ ಪೂವಕ್ಕ ಮದುವೆ ಮನೆಗಳ ಅಡುಗೆಯವಳು. ಬಾಡಿಗೆ ಜೀಪಿನವನು ಕೈಕೊಟ್ಟು ಎರಡು ಕಡೆ ಊಟ ತಡವಾಗಿತ್ತು. ಇನ್ನೊಮ್ಮೆ ತಡವಾದರೆ ಕರೆಯುವವರೇ ಇರುವುದಿಲ್ಲ. ಸ್ವಂತ ಗಾಡಿ ಬೇಕು; ಕೈಯಲ್ಲಿದ್ದ ದುಡ್ಡಿಗೆ ಹಳೆ ಕಾರೇ ಗತಿ.

ಸುಳ್ಯದ ದಲ್ಲಾಳಿ ಉದಯ ಫಳಫಳ ಹೊಳೆಯುವ ಬಿಳಿ ಕಾರು ತೋರಿಸಿದ. ಹೊಸ ಸೀಟು ಕವರು ಕಂಡು ಮರುಳಾಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಪೂವಕ್ಕ ಆ ಪೈಕಿ ಅಲ್ಲ. ಅನ್ನ ಬೇಯಿಸುವ ಎರಡು ದೊಡ್ಡ ಚರಿಗೆ, ಮೂವರು ಹೆಂಗಸರ ಸಮೇತ ಬಂದಿದ್ದಳು.

"ಎಂತ ಅಕ್ಕ, ಕಾರು ನೋಡ್ಲಿಕ್ಕೆ ಬಂದದ್ದಾ, ದಿಬ್ಬಣ ಹೊರಟದ್ದಾ?"

"ನಾನು ಮದುವೆಗೆ ಉಣ್ಲಿಕ್ಕೆ ಹೋಗುದಲ್ಲ ಮಾರಾಯ, ಬಡಿಸ್ಲಿಕ್ಕೆ ಹೋಗುದು. ಹೇರು!"

ಎಲ್ಲ ಹೇರಿ ಉದಯನೇ ಸಂಪಾಜೆ ಘಾಟಿ ಹತ್ತಿಸಿದ. ನಾಲ್ಕನೇ ತಿರುವಿನಲ್ಲಿ ಬಾನೆಟ್‌ನಿಂದ ಹಬೆ ಎದ್ದಿತು.

"ಸಪಾಟು ರಸ್ತೆಯಲ್ಲಿ ಇದು ಚಿನ್ನ ಅಕ್ಕ."

"ಹಾಗಾದ್ರೆ ಸಪಾಟು ಊರಿನವರಿಗೆ ಮಾರು."

ಮರುವಾರ ಬಣ್ಣ ಮಾಸಿದ ಇನ್ನೊಂದು ಕಾರು ಅದೇ ಹೊರೆ ಹೊತ್ತು ಘಾಟಿ ಹತ್ತಿತು. ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿಸಿ, ಮತ್ತೆ ಸ್ಟಾರ್ಟ್ ಮಾಡಿಸಿದಳು. ಆರ್‌ಸಿ, ವಿಮೆ, ಸರ್ವೀಸ್ ಪುಸ್ತಕ ತಿರುವಿದ ಮೇಲೆಯೇ ವ್ಯಾಪಾರದ ಮಾತು ಮುಗಿಸಿದಳು.

ಆ ಭಾನುವಾರ ಸುಬ್ರಹ್ಮಣ್ಯದ ಮದುವೆಯಲ್ಲಿ ಹನ್ನೆರಡೂವರೆಗೆ ಸರಿಯಾಗಿ ಊಟಕ್ಕೆ ಎಲೆ ಹಾಕಿದರು.