ಅಚ್ಚುತ ಗೌಡರ ಮಗಳು ಕೂಲಿಗೆ ಹೋದಳು

ಆಲಂಕಾರಿನ ಅಚ್ಚುತ ಗೌಡರಿಗೆ ಮಗಳು ಭವಿತಾಳ ಒಂದು ಫೋಟೋದ ಮೇಲೆ ಬಹಳ ಅಭಿಮಾನ. ಆಸ್ಟ್ರೇಲಿಯಾದ ಕಿತ್ತಳೆ ತೋಟದಲ್ಲಿ ಏಣಿಯ ಮೇಲೆ ನಿಂತು, ಹೊಟ್ಟೆಗೆ ದೊಡ್ಡ ಚೀಲ ಕಟ್ಟಿಕೊಂಡು ಅವಳು ಹಣ್ಣು ಕೊಯ್ಯುತ್ತಿರುವ ಫೋಟೋ. ಮದುವೆಮನೆಗಳಲ್ಲಿ ಎಲೆ ಹಾಕುವ ಮೊದಲೇ ಅದು ಪಂಕ್ತಿಯುದ್ದಕ್ಕೂ ಕೈಯಿಂದ ಕೈಗೆ ದಾಟುತ್ತಿತ್ತು. "ಅಲ್ಲಿ ಕೆಲಸಕ್ಕೆ ಮರ್ಯಾದೆ ಉಂಟು ಮಾರಾಯ್ರೆ. ನಮ್ಮವರಿಗೆ ಅದು ಅರ್ಥ ಆಗುದಿಲ್ಲ" ಎಂದು ಗೌಡರು ಉಪನ್ಯಾಸವನ್ನೂ ಕೊಡುತ್ತಿದ್ದರು.

ಭವಿತಾ ಹೋದದ್ದು ಒಂದು ವರ್ಷದ ವೀಸಾದಲ್ಲಿ. ದೇಶ ಸುತ್ತುತ್ತ ಖರ್ಚಿಗೆ ದುಡಿಯಬಹುದಾದ, ಚೀಟಿ ಎತ್ತಿದ ಹಾಗೆ ಹೆಸರು ಆರಿಸುವ ವೀಸಾ ಅದು. ಪುತ್ತೂರಿನ ಕಾಲೇಜೊಂದರಲ್ಲಿ ಪಾಠ ಮಾಡಿ ಬೇಸತ್ತಿದ್ದವಳು ಹೆಸರು ಬಂದದ್ದೇ ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಟಳು. ಚೆರ್ರಿಯ ಕಾಲಕ್ಕೆ ಒಂದು ಊರು, ದ್ರಾಕ್ಷಿಗೆ ಇನ್ನೊಂದು, ಕಿತ್ತಳೆಗೆ ಮತ್ತೊಂದು. ಗುರುತಿಲ್ಲದವರು ತುಂಬಿದ ಕೋಣೆಗಳಲ್ಲಿ ಮಲಗಿದಳು, ಬೈಗುಳ ತಿಂದಳು, ಕೆಲಸ ಕಲಿತಳು. ಇದರಲ್ಲಿ ಸಾಹಸವೇನೂ ಇಲ್ಲ; ಹೊಟ್ಟೆಪಾಡಿಗೆ ಜಗತ್ತಿನ ಬಹಳ ಜನ ಮಾಡುವುದು ಇದನ್ನೇ. ಆದರೆ ತನಗೆ ಒಗ್ಗುವುದು ತೋಟದ ಕೆಲಸ ಎಂಬುದು ಅವಳಿಗೆ ಅಲ್ಲಿ ಖಚಿತವಾಯಿತು. ಇನ್ನು ಸ್ವಂತ ತೋಟದಲ್ಲಿ ದುಡಿಯುವುದೆಂದು ನಿರ್ಧರಿಸಿಯೇ ಮರಳಿದಳು.

ಬಂದಾಗ ಮನೆಯ ತೋಟದ ಬಳ್ಳಿಗಳಲ್ಲಿ ಕಾಳುಮೆಣಸು ಹಣ್ಣಾಗುತ್ತಿತ್ತು. ಕೊಯ್ಯುವವರಿಲ್ಲ. ಗೌಡರು ಬೆಳಗಾದರೆ ಫೋನು ಹಿಡಿದು ಆಳುಗಳಿಗೆ ಅಂಗಲಾಚುತ್ತಿದ್ದರು. ಭವಿತಾ ಕೊಟ್ಟಿಗೆಯಿಂದ ಏಣಿ ಎಳೆದು ತಂದು ರಸ್ತೆ ಬದಿಯ ಬಳ್ಳಿಗೆ ಒರಗಿಸಿ ಹತ್ತಿದಳು.

"ಇಳಿ" ಎಂದರು ಗೌಡರು. "ಬೇಕಾದ್ರೆ ಕೆಳಗೆ ಬಿದ್ದದ್ದು ಹೆಕ್ಕು. ಏಣಿ ಹತ್ತುದು ಗಂಡಸರು."

"ಅಲ್ಲಿ ನಾನು ಹತ್ತಿದ್ದು ಎಂತ ಅಪ್ಪ, ಮನೆಯ ಮೆಟ್ಟಿಲಾ?"

"ಅದು ಆಸ್ಟ್ರೇಲಿಯಾ. ಇಲ್ಲಿ ಬಸ್ಸಲ್ಲಿ ಹೋಗುವವರೆಲ್ಲ ನೋಡ್ತಾರೆ."

ಗೌಡರ ತಾಯಿ ತಿಮ್ಮಕ್ಕ ಜಗಲಿಯಿಂದಲೇ ಸೇರಿಕೊಂಡರು. "ಹೆಣ್ಣು ನೋಡ್ಲಿಕ್ಕೆ ಬಂದವರು ತಲೆ ಎತ್ತಿ ಮರ ನೋಡ್ಬೇಕಾ?"

"ಬರ್ಲಿ ಅಜ್ಜಿ. ಏಣಿ ಹಿಡೀಲಿಕ್ಕೆ ಒಬ್ಬ ಬೇಕಿತ್ತು."

ಗೌಡರು ಏಣಿಯನ್ನು ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಅದೇ ಸಂಜೆ ಬಂದ ನೆಂಟರಿಗೆ ಅದೇ ಫೋಟೋ ತೋರಿಸಿದರು. ಭವಿತಾ ಚಹಾದ ಲೋಟಗಳನ್ನು ಅವರ ಮುಂದೆ ಕುಕ್ಕಿ ಒಳಗೆ ಹೋಗಿ ಚೀಲ ತುಂಬಿಸಿದಳು.

ಮರುದಿನ ಅವಳು ಬಸ್ಸಿಳಿದದ್ದು ಜಾಲ್ಸೂರಿನಲ್ಲಿ. ಅಲ್ಲಿನ ಅಲಿ ಕುಂಞಿ ಗೌಡರ ಹಳೆಯ ಪರಿಚಯದ ಮೆಣಸಿನ ವ್ಯಾಪಾರಿ. ಅವರಿಗೆ ಸ್ವಂತ ತೋಟವೂ ಇತ್ತು, ಆಳಿನ ತಾಪತ್ರಯವೂ ಇತ್ತು.

"ನಿನ್ನ ಅಪ್ಪ ನನ್ನ ಅಂಗಡಿಯ ಕಡೆ ತಲೆ ಹಾಕಿ ಮಲಗ್ಲಿಕ್ಕಿಲ್ಲ ಇನ್ನು" ಎಂದರು ಅಲಿ ಕುಂಞಿ.

"ನಿಮಗೆ ಮೆಣಸು ಕೊಯ್ಯುವವರು ಬೇಕಾ, ಅಪ್ಪನ ಒಪ್ಪಿಗೆ ಬೇಕಾ ಕಾಕ?"

ಒಳಗಿನಿಂದ ಅವರ ಹೆಂಡತಿ ಅಲೀಮಮ್ಮ ಹೇಳಿದರು: "ಏಣಿ ಕೊಡಿ ಅವಳಿಗೆ. ನೀವಂತೂ ಹತ್ತುದಿಲ್ಲ."

ಅಲೀಮಮ್ಮನ ಮನೆಯ ಹೊರಕೋಣೆಯಲ್ಲಿ ಅವಳ ವಾಸ. ಉಳಿದ ಆಳುಗಳಿಗೆ ಕೊಟ್ಟ ಕೂಲಿಯೇ ಅವಳಿಗೂ. ಸುದ್ದಿ ಆಲಂಕಾರಿಗೆ ತಲುಪಲು ತಡವಾಗಲಿಲ್ಲ. ಗೌಡರು ಜೀಪು ಹತ್ತಿ ಬಂದು ಮರದ ಬುಡದಲ್ಲಿ ನಿಂತರು.

"ನನ್ನ ಮಗಳು ಕಂಡವರ ತೋಟದಲ್ಲಿ ಕೂಲಿಗಾ?"

"ಆಸ್ಟ್ರೇಲಿಯಾದ್ದು ನಮ್ಮ ಕುಟುಂಬದ ತೋಟವಾ ಅಪ್ಪ?" ಅವಳು ಕೈ ನಿಲ್ಲಿಸಲಿಲ್ಲ. ಗೊಂಚಲುಗಳು ಚೀಲಕ್ಕೆ ಬೀಳುತ್ತಲೇ ಇದ್ದವು.

ಗೌಡರು ಅತ್ತಿತ್ತ ನೋಡಿದರು. ಸ್ವರ ತಗ್ಗಿಸಿ, "ಮನೆಗೆ ಬಾ. ಹತ್ತು, ಬೇಡ ಹೇಳುದಿಲ್ಲ. ಹೊಳೆ ಬದಿಯ ತೋಟದಲ್ಲಿ ಕೊಯ್ಯಿ. ಅಲ್ಲಿ ಯಾರಿಗೂ ಕಾಣುದಿಲ್ಲ" ಎಂದರು.

ಏಣಿಗೆ ಬೀಗ ಹಾಕಿದಾಗಲೂ ಭವಿತಾಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಕದ್ದು ಮಾಡಲು ಅವಳೇನು ಕಳ್ಳಿಯೇ?

"ರಸ್ತೆ ಬದಿಯಿಂದ ಸುರು ಮಾಡುದಾದ್ರೆ ಈಗಲೇ ಬರ್ತೇನೆ" ಎಂದಳು.

ಗೌಡರು ಜೀಪು ತಿರುಗಿಸಿದರು. ಆ ವರ್ಷ ಆಲಂಕಾರಿನ ತೋಟದ ಮೆಣಸು ಅರ್ಧಕ್ಕರ್ಧ ನೆಲಕ್ಕುದುರಿತು. ಕೇಳಿದವರಿಗೆ ಗೌಡರು ಹೇಳುತ್ತಿರುವುದು, ಮಗಳು ಪುನಃ ಆಸ್ಟ್ರೇಲಿಯಾಕ್ಕೆ ಹೋಗಿದ್ದಾಳೆ ಎಂದು. ಜಾಲ್ಸೂರಿನ ಕೊಯ್ಲು ಮುಗಿಸಿ ಅವಳು ಈಗ ಇರುವುದು ಸಂಪಾಜೆಯಲ್ಲಿ, ರಸ್ತೆ ಬದಿಯ ತೋಟವೊಂದರ ಏಣಿಯ ಮೇಲೆ. ಮಡಿಕೇರಿಯ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಅವಳನ್ನು ನೋಡಬಹುದು.